ಬಣ್ಣ ಬಿಡುವ ರುಮಾಲು

ಗುಲಾಬಿ ಬಣ್ಣವೆಂದರೆ ನನಗೆ ಭಯ. ಹಾವಿಗೆ, ಹುಚ್ಚುನಾಯಿಗೆ, ಹೆಂಡತಿಯ ಹಿರಿಯಣ್ಣನಿಗೆ ಹೆದರುವವರನ್ನು ಲೋಕ ಅರ್ಥಮಾಡಿಕೊಳ್ಳುತ್ತದೆ. ಬಣ್ಣಕ್ಕೆ ಹೆದರುವ ಮುದುಕನನ್ನು ಕಂಡರೆ ನಗುತ್ತದೆ. ನಗಲಿ. ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಸಾಕ್ಷಿಯಿಲ್ಲದೆ ಮಾತಾಡುವ ಅಭ್ಯಾಸವಿಲ್ಲ.

ಮೊದಲು ನಾನು ಈ ಬಣ್ಣದ ಪರವಾಗಿಯೇ ವಾದಿಸುತ್ತಿದ್ದೆ. ನಮ್ಮ ಶಹಾಪುರ, ಸುರಪುರದ ಕಡೆ ಮದುವೆಯಲ್ಲಿ ಹಿರಿಯ ಗಂಡಸಿನ ತಲೆಗೆ ಗುಲಾಬಿ ರುಮಾಲು ಸುತ್ತಿದರೆ ಅದು ಮರ್ಯಾದೆ. ಮೀಸೆ ಎಷ್ಟು ದಪ್ಪವೋ ರುಮಾಲೂ ಅಷ್ಟೇ ಗುಲಾಬಿ. ಸಾಲಾಗಿ ಕೂತ ಬೀಗರನ್ನು ದೂರದಿಂದ ನೋಡಿದರೆ ಹೂವಿನ ಮಡಿಯೊಂದು ಅರಳಿದಂತೆ ಕಾಣುತ್ತದೆ. ಹತ್ತಿರ ಹೋದರೆ ಮಾತ್ರ ಜಗಳ ಕೇಳಿಸುತ್ತದೆ.

ಮಗಳು ಚೊಚ್ಚಲ ಹೆರಿಗೆಗೆಂದು ಶಹಾಪುರದ ನಮ್ಮ ಮನೆಗೆ ಬಂದಿದ್ದಳು. ದೇವಾಪುರದಲ್ಲಿ ನೆಂಟರೊಬ್ಬರ ಮದುವೆಗೆ ನಾನು ಹೊರಟ ದಿನ ಬೆಳಿಗ್ಗೆ ಅವಳಿಗೂ ನನಗೂ ಇದೇ ವಿಷಯವಾಗಿ ವಾದ ನಡೆಯಿತು.

“ಅಪ್ಪಾ, ಮತ್ತ ಗುಲಾಬಿ ರುಮಾಲು ಸುತಗೊಂಡು ಫೋಟೋ ಕಳಸಬ್ಯಾಡ. ಗುಲಾಬಿ ಹುಡಿಗ್ಯಾರ ಬಣ್ಣ. ಈಗ ಎಲ್ಲಾ ಕಡಿ ಹೆಣ್ಣ ಕೂಸಿಗಿ ಗುಲಾಬಿ, ಗಂಡ ಕೂಸಿಗಿ ನೀಲಿ.”

“ಹಂಗಾದ್ರ ನಿಮ್ಮ ಮುತ್ಯಾ, ನಮ್ಮಪ್ಪ, ಸಾಯೋತನಕ ಹುಡಿಗ್ಯಾಗೇ ಇದ್ದನೇನು?” ಎಂದೆ.

ಪಕ್ಕದ ಮನೆಯಾಕೆ ನಮ್ಮ ಕಟ್ಟೆಯ ಮೇಲೆ ಕೂತು ರವಿಕೆಗೆ ಗುಂಡಿ ಹಚ್ಚುತ್ತಿದ್ದಳು. ಮನೆಯಲ್ಲಿ ದಖನಿ ಉರ್ದು ಮಾತಾಡುವವಳು, ಹೊಲಿಗೆಯವಳು, ನಮ್ಮ ಮನೆಯ ಎಲ್ಲ ವಾದಗಳಲ್ಲೂ ಕರೆಯದೇ ಬರುವ ಸಾಕ್ಷಿ. “ನಮ್ಮನ್ಯಾವ್ರೂ ನಿಕಾಹದಾಗ ಗುಲಾಬಿ ಸಾಫಾನೇ ಕಟ್ಟಿದ್ರು, ಭೈಯಾ,” ಎಂದಳು. “ಅವತ್ತ ಒಂದ ದಿನ ಚಂದ ಕಂಡಿದ್ರು. ಮುಂದ ಎಂದೂ ಇಲ್ಲ.”

ಡಾಕ್ಟರು ಕೊಟ್ಟ ದಿನ ಇನ್ನೂ ದೂರವಿತ್ತು. ಹಾಗಾಗಿ ನಿಶ್ಚಿಂತೆಯಿಂದ ಹೋದೆ. ದೇವಾಪುರದಲ್ಲಿ ಬೀಗರು ಹೊಚ್ಚಹೊಸ ರುಮಾಲು ಸುತ್ತಿದರು, ನಾನು ಗಂಭೀರವಾಗಿ ತಲೆಯೊಡ್ಡಿದೆ. ಎಲೆಯ ಮುಂದೆ ಕೂತಿದ್ದಾಗ ಹೆಂಡತಿಯ ಫೋನು ಬಂತು.

“ಏನ್ರಿ, ಉಣ್ಣೂದು ಬಿಟ್ಟು ಬರ್ರಿ. ಹುಡುಗಿಗಿ ಬ್ಯಾನಿ ಸುರು ಆಗ್ಯಾವ, ದವಾಖಾನಿಗಿ ಬಂದೇವಿ. ಅರಿವಿ ಗಂಟು ಮನ್ಯಾಗ ಮರತೇವಿ, ತಗೊಂಡು ಬರ್ರಿ.”

‘ಬರ್ರಿ’ ಎಂಬ ಮೊದಲ ಆಜ್ಞೆಯನ್ನಷ್ಟೇ ಪಾಲಿಸಿದೆ. ಗಂಟಿನ ಮಾತು ಕಿವಿಯವರೆಗೆ ಬಂದು ಅಲ್ಲೇ ನಿಂತಿತು. ಯಾರದೋ ಬೈಕಿನ ಹಿಂದೆ ಕೂತು ಸುರಪುರಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಶಹಾಪುರಕ್ಕೆ ಬಂದೆ. ಬಿಸಿಲಿಗೆ ಬೆವರು ಹಣೆಯ ಮೇಲಿಂದ ಇಳಿಯುತ್ತಿತ್ತು. ಒರೆಸಿಕೊಳ್ಳುವ ಬುದ್ಧಿಯೂ ಇರಲಿಲ್ಲ.

ಆಸ್ಪತ್ರೆಯ ಹೆರಿಗೆ ಕೋಣೆಯ ಮುಂದೆ ಹೆಂಡತಿಯೂ ಪಕ್ಕದ ಮನೆಯಾಕೆಯೂ ಗೋಡೆಗೆ ಆತು ನಿಂತಿದ್ದರು. ಅಷ್ಟರಲ್ಲಿ ನರ್ಸಮ್ಮ ಹೊರಗೆ ಬಂದಳು.

“ಕೂಸಿಗಿ ಸುತ್ತಾಕ ಅರಿವಿ ತರ್ರಿ ಅಂದಿದ್ನಲ್ಲ, ಎಲ್ಲಿ ಅದ?”

ಹೆಂಡತಿ ನನ್ನ ಬರಿಗೈ ನೋಡಿದಳು. ಆ ನೋಟಕ್ಕೆ ಅಪೀಲು ಇರಲಿಲ್ಲ. ನಾನು ತಲೆಯಿಂದ ರುಮಾಲು ಬಿಚ್ಚಿದೆ.

“ಹೊಸಾದು ಬ್ಯಾಡ್ರಿ, ಒಗದ ಹಳಿ ಅರಿವಿ ಬೇಕು.”

“ಸಿಸ್ಟರ್, ಇದು ಬಿಟ್ರ ನನ್ನ ಧೋತರ ಒಂದೇ ಅದ.”

ಅವಳು ರುಮಾಲು ತೆಗೆದುಕೊಂಡು ಒಳಗೆ ಹೋದಳು.

ಆಮೇಲೆ ಮಗಳ ಕೂಗು ನಿಂತಿತು. ಅದರ ಬೆನ್ನಿಗೆ ಬರಬೇಕಾಗಿದ್ದ ಇನ್ನೊಂದು ಕೂಗು ಬರಲಿಲ್ಲ. ತೀರ್ಪಿಗೆ ಮುಂಚಿನ ಮೌನವನ್ನು ನಾನು ಕೋರ್ಟಿನಲ್ಲಿ ಬಹಳ ಸಲ ಕೇಳಿದ್ದೇನೆ. ಅಲ್ಲಿ ಫ್ಯಾನಾದರೂ ತಿರುಗುವ ಸದ್ದಿರುತ್ತದೆ. ಇಲ್ಲಿ ಏನೂ ಇರಲಿಲ್ಲ. ಬಾಗಿಲ ಸಂದಿಯಿಂದ ಡಾಕ್ಟರಮ್ಮನ ದನಿ ಮಾತ್ರ ಬಂತು: “ಅಳವಲ್ದು. ಮೈ ಇನ್ನಾ ನೀಲಿ ಅದ. ಗುಲಾಬಿ ಆಗಬೇಕು. ಗಾಳಿ ಕೊಡ್ರಿ.”

ನೀಲಿ. ಬೆಳಿಗ್ಗೆ ಮಗಳು ಆಡಿದ ಮಾತು ನೆನಪಾಯಿತು. ಗಂಡೋ ಹೆಣ್ಣೋ ಎಂಬುದು ನನಗೆ ಬೇಕಿರಲಿಲ್ಲ. ಒಳಗಿರುವ ಜೀವ ಗುಲಾಬಿ ಆಗಬೇಕಿತ್ತು, ಅಷ್ಟೇ. ಅಷ್ಟು ವರ್ಷ ತಲೆಯ ಮೇಲೆ ಹೊತ್ತು ಮೆರೆದ ಬಣ್ಣವನ್ನು ಒಂದು ಹಿಡಿ ಮೈಯಲ್ಲಿ ಕಾಣಲು ಬೇಡುತ್ತ ನಿಂತೆ. ಪಕ್ಕದ ಮನೆಯಾಕೆ, “ಡರೋ ನಕ್ಕೋ, ಭೈಯಾ, ಹೆದರಬ್ಯಾಡ್ರಿ,” ಎಂದಳು. ಹಾಗೆನ್ನುತ್ತಿದ್ದವಳ ತುಟಿಯೇ ಒಣಗಿತ್ತು.

ಬಾಗಿಲು ತೆರೆಯಿತು. ನರ್ಸಮ್ಮ ಕೂಸನ್ನು ಎದುರಿನ ಕೋಣೆಗೆ ಒಯ್ಯುತ್ತಿದ್ದಳು, ಬೆನ್ನಿಗೇ ಡಾಕ್ಟರಮ್ಮ. ನನ್ನ ರುಮಾಲಿನ ನಡುವೆ ಪುಟ್ಟ ಮುಖ ಕಂಡಿತು. ಹಣೆ ಗುಲಾಬಿ, ಕೆನ್ನೆ ಗುಲಾಬಿ. ಗದ್ದವೂ ಗುಲಾಬಿ!

“ಆತು! ಗುಲಾಬಿ ಆತು!” ಎಂದು ನಾನು ಕೂಗಿದೆ. ಹೆಂಡತಿ ಅಲ್ಲೇ ನೆಲದ ಮೇಲೆ ಕೂತು ಕೈಮುಗಿದಳು. ಯಾದಗಿರಿಯಿಂದ ಹೊರಟಿದ್ದ ಅಳಿಯನಿಗೆ ಫೋನು ಹಚ್ಚಿದೆ: “ಕೂಸು ಗುಲಾಬಿ ಆಗ್ಯಾದ!”

“ಅಂದ್ರ ಹೆಣ್ಣೇನ್ರಿ, ಮಾವಾರ?”

“ಅದು ಕೇಳಿಲ್ಲ,” ಎಂದು ಫೋನಿಟ್ಟೆ.

ತಿರುಗಿ ನೋಡಿದರೆ ಪಕ್ಕದ ಮನೆಯಾಕೆ ನಗುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಸೆರಗಿನ ತುದಿಯಿಂದ ನನ್ನ ಹಣೆಯನ್ನು ಮೆಲ್ಲಗೆ ಒರೆಸಿ ಆ ತುದಿಯನ್ನು ನನಗೇ ತೋರಿಸಿದಳು.

“ಭೈಯಾ, ನಿಮ್ಮ ಹಣಿನೂ ಗುಲಾಬಿ ಆಗ್ಯಾದ.”

ಒಂದು ಕ್ಷಣ ನನಗೆ ತಿಳಿಯಲಿಲ್ಲ. ತಿಳಿದಾಗ ಎದುರಿನ ಕೋಣೆಯ ಬಾಗಿಲ ಗಾಜಿಗೆ ಮುಖ ಒತ್ತಿದೆ. ನರ್ಸಮ್ಮ ಒದ್ದೆ ಹತ್ತಿಯಿಂದ ಕೂಸಿನ ಕೆನ್ನೆ ಒರೆಸುತ್ತಿದ್ದಳು. ಹತ್ತಿ ಗುಲಾಬಿ ಆಗುತ್ತಿತ್ತು. ಕೆನ್ನೆ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಒಂದೊಂದು ಸಲ ಒರೆಸಿದಾಗಲೂ ನಾನು ಆಗಷ್ಟೇ ಪಡೆದುಕೊಂಡಿದ್ದ ಮೊಮ್ಮಗು ಸ್ವಲ್ಪ ಸ್ವಲ್ಪವಾಗಿ ಅಳಿಸಿಹೋಗುತ್ತಿತ್ತು.

ಡಾಕ್ಟರಮ್ಮ ನನ್ನಂತೆ ಮೋಸಹೋಗಿರಲಿಲ್ಲ. ಆಕೆಯ ಕೈ ಕೂಸಿನ ಎದೆಯ ಮೇಲೆಯೇ ಇತ್ತು. ಮೋಸಹೋದವನು ನಾನೊಬ್ಬನೇ. ನನ್ನನ್ನು ನಂಬಿ ಹೆಂಡತಿ ಇನ್ನೂ ಕೈಮುಗಿದೇ ಕೂತಿದ್ದಳು. ಅವಳಿಗೆ ಹೇಳುವ ಧೈರ್ಯ ಬರಲಿಲ್ಲ. ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಅಳಿಯನೇ ಇರಬೇಕು. ತೆಗೆಯಲಿಲ್ಲ. ನಿಂತಿತು. ಮತ್ತೆ ಬಡಿದುಕೊಂಡಿತು. ಆ ಫೋನಿಗೆ ಹೆದರಿದಷ್ಟು ನಾನು ಯಾವ ಜಡ್ಜಿಗೂ ಹೆದರಿಲ್ಲ.

ಎಷ್ಟು ಹೊತ್ತೋ ತಿಳಿಯದು. ಎಣ್ಣೆ ಕಾಣದ ಬಾಗಿಲು ತೆರೆದಂತೆ ಕಿರ್ ಎಂಬ ಸಣ್ಣ ಸದ್ದು ಬಂತು. ಆಸ್ಪತ್ರೆಯ ಬಾಗಿಲೇ ಇರಬೇಕೆಂದು ಸಿಟ್ಟಿನಿಂದ ನೋಡಿದೆ. ಬಾಗಿಲು ಮುಚ್ಚಿಯೇ ಇತ್ತು. ಸದ್ದು ಮತ್ತೆ ಬಂತು, ಈ ಸಲ ಜೋರಾಗಿ, ತಕರಾರಿನ ದನಿಯಲ್ಲಿ.

“ಮುತ್ಯಾ, ಬರ್ರಿ. ಬಾಗಲದಾಗ ನಿಂತು ನೋಡ್ರಿ,” ಎಂದು ನರ್ಸಮ್ಮ ಕರೆದಳು.

“ಮಾರಿ ಇನ್ನಾ ಕಪ್ಪ ಕಾಣ್ತದಲ್ಲವ್ವಾ?”

“ನಿಮ್ಮ ಮಾರಿ ಬೆಳ್ಳಗ ಅದೇನ್ರಿ? ಮೊಮ್ಮಗಳ ನಾಲಿಗಿ ನೋಡ್ರಿ.”

ಕೂಸು ಬಾಯಿ ಅಗಲಿಸಿ ಅಳುತ್ತಿತ್ತು. ಆ ಬಾಯಿಯೊಳಗೆ ನಡುಗುತ್ತಿದ್ದ ನಾಲಿಗೆ, ಹಲ್ಲಿಲ್ಲದ ವಸಡು, ಎಲ್ಲ ಗುಲಾಬಿ. “ಇದು ಬಿಡೂದಿಲ್ಲಲ್ಲ?” ಎಂದು ಕೇಳಿದೆ. ಅವಳು ನಗಲಿಲ್ಲ. “ಈ ಬಣ್ಣ ಗಟ್ಟಿ ಅದ್ರಿ,” ಎಂದಳು.

ಆಗ ಅಳಿಯನ ಫೋನು ತೆಗೆದೆ. “ಹೆಣ್ಣು,” ಎಂದೆ. “ಈಗ ಖರೇನ ಗುಲಾಬಿ.”

ಮೊಮ್ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ಅಂಗಿ, ರಿಬ್ಬನ್ನು, ಚಪ್ಪಲಿ, ನೀರಿನ ಬಾಟಲಿ ಎಲ್ಲ ಗುಲಾಬಿಯೇ. ಮಗಳೇ ಕೇಸು ಗೆದ್ದಿದ್ದಾಳೆ. ಮದುವೆಗಳಲ್ಲಿ ನಾನು ಬಿಳಿ ರುಮಾಲು ಕೇಳಿ ಸುತ್ತಿಸಿಕೊಳ್ಳುತ್ತೇನೆ. ಹುಡುಗಿ ರಜೆಗೆ ಬಂದು ಮಧ್ಯಾಹ್ನ ಮಲಗಿದರೆ ಪಕ್ಕದಲ್ಲಿ ಕೂತು, ಅವಳು ಆಕಳಿಸಿ ಬಾಯಿ ತೆರೆಯುವತನಕ ಕಾಯುತ್ತೇನೆ. ಎಚ್ಚರವಿದ್ದಾಗ ಈ ತೊಂದರೆಯಿಲ್ಲ. ನನ್ನನ್ನು ಕಂಡಕೂಡಲೇ ಅವಳೇ ನಾಲಿಗೆ ಹೊರಚಾಚುತ್ತಾಳೆ. ಬೀಗರ ಮುಂದೆಯೂ ಚಾಚುತ್ತಾಳೆ.

“ಅಪ್ಪಾ, ಹಿರ್ಯಾರಿಗಿ ನಾಲಿಗಿ ತೋರಸೂದು ನೀನೇ ಕಲಿಸೀದಿ,” ಎಂದು ಮಗಳು ಬೈಯುತ್ತಾಳೆ. ಆರೋಪವನ್ನು ನಾನು ಒಪ್ಪಿಕೊಂಡಿದ್ದೇನೆ.

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಬಾಂಬೆ ಮಿಠಾಯಿ ಕೊಡಿಸಿಕೊಂಡು ಬಂದವಳೇ ನನ್ನ ಮುಂದೆ ನಿಂತು ನಾಲಿಗೆ ಚಾಚಿದಳು. ಅಷ್ಟು ಗುಲಾಬಿಯನ್ನು ನಾನು ಒಮ್ಮೆ ಮಾತ್ರ ನೋಡಿದ್ದೆ, ದೇವಾಪುರದ ರುಮಾಲಿನಲ್ಲಿ. ಎದ್ದು ಹೋಗಿ ತಂಬಿಗೆಯಲ್ಲಿ ನೀರು ತಂದೆ.

“ಮೊದಲ ಬಾಯಿ ಮುಕ್ಕಳಿಸವ್ವಾ,” ಎಂದೆ. “ಆಮ್ಯಾಲ ತೋರಸು.”