ಒಕ್‌ಬುನ್ ಕೊಳ್ಳಲು ಹೋದ ಗಿಟಾರು

ಮೆಂಗ್ ಒಕ್‌ಬುನ್ ಹಾಡಿ ಇಂಟರ್‌ನೆಟ್ಟಿಗೆ ಹಾಕಿದ್ದ ಹಾಡಿನ ಕೆಳಗೆ ಯಾರೋ ಪುಣ್ಯಾತ್ಮರು ಎರಡು ಸಾಲು ಬರೆದಿದ್ದರು. "ಮೂರು ವರ್ಷ ಜಾಡಿಯಲ್ಲಿಟ್ಟ ಸೋಯಾ ಗೊಜ್ಜಿನ ಹಾಗೆ ಕಂಠ ಮಾಗಿದೆ. ಗಿಟಾರು ಮಾತ್ರ ಬಿಸ್ಕತ್ತಿನ ಡಬ್ಬ."

ಮೊದಲನೆಯ ಸಾಲನ್ನು ಒಕ್‌ಬುನ್ ಅರ್ಧ ದಿನದಲ್ಲಿ ಮರೆತಳು. ಎರಡನೆಯದು ಆರು ವಾರ ತಲೆಯಲ್ಲಿ ಕೂತಿತು.

ಅವಳಿಗೆ ಅರವತ್ತಮೂರು ವರ್ಷ. ಸಿಯೋಲಿನ ಪಕ್ಕದ ಇಂಚನ್ನಿನ ಬುಪ್ಯೊಂಗ್ ಮಾರುಕಟ್ಟೆಯ ಹಿಂದೆ, ಮೂರನೆಯ ಮಹಡಿಯಲ್ಲಿ ಮನೆ. ಶಾಲೆಯ ಅಡುಗೆಮನೆಯ ಕೆಲಸದಿಂದ ನಿವೃತ್ತಳಾದ ಮೇಲೆ ಬಡಾವಣೆಯ ಕಲಿಕಾ ಕೇಂದ್ರದಲ್ಲಿ ಗಿಟಾರು ಕಲಿತಳು. ತರಗತಿಗೆ ಸೇರಿದ ಹದಿನಾಲ್ಕು ಹೆಂಗಸರಲ್ಲಿ ಹನ್ನೊಂದು ಮಂದಿ ಬೆರಳು ನೋವೆಂದು ಬಿಟ್ಟುಹೋದರು. ಇವಳಿಗೆ ನೋವೇ ಆಗಲಿಲ್ಲ. ವಾರಕ್ಕೊಂದು ಸಲ ಮಲಗುವ ಕೋಣೆಯ ಬೀರು ತೆರೆದು, ಮಡಿಸಿಟ್ಟ ಚಳಿಗಾಲದ ಹೊದಿಕೆಗಳಿಗೆ ಮುಖಮಾಡಿ ಕುಳಿತು, ಮಗಳು ಕೊಡಿಸಿದ ಮೈಕಿನ ಮುಂದೆ ಒಂದು ಹಾಡು ಹೇಳುತ್ತಿದ್ದಳು. ಹಾಗೆ ಕೂತರೆ ಸದ್ದು ಗೋಡೆಗೆ ಬಡಿದು ವಾಪಸು ಬರುವುದಿಲ್ಲವಂತೆ. ಇನ್ನೂರ ಚಿಲ್ಲರೆ ಜನ ಕೇಳುತ್ತಿದ್ದರು. ಅವರಲ್ಲಿ ಎಷ್ಟು ಮಂದಿ ನೆಂಟರು ಎಂದು ಅವಳು ಲೆಕ್ಕ ಹಾಕಲು ಹೋಗಿರಲಿಲ್ಲ.

ಗಂಡ ದಾಲ್‌ಸು ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು. ಮಗಳು ಸೊರಾ ಹುಟ್ಟಿದಾಗಿನಿಂದ ಹೆಂಡತಿಯನ್ನು ಹೆಸರು ಹಿಡಿದು ಕರೆದವನಲ್ಲ.

"ಸೊರಾ ಅಮ್ಮಾ, ಗಾಡೀನೇ ಡಕೋಟ ಆದ್ರೆ ಡ್ರೈವರ್ ಏನು ಮಾಡ್ತಾನೆ? ತಗೊಂಡ್ಬಿಡು ಒಂದು ಒಳ್ಳೇದು."

"ದುಡ್ಡು ನಿಮ್ಮಪ್ಪ ಕೊಡ್ತಾನಾ?"

"ನಮ್ಮಪ್ಪ ಇದ್ದಿದ್ರೆ ನಿನ್ನ ಹಾಡು ಕೇಳ್ಬೇಕಾಗಿತ್ತಲ್ಲ, ಪುಣ್ಯವಂತ, ಮೊದಲೇ ಹೋದ."

ಒಕ್‌ಬುನ್ ಗಿಟಾರನ್ನು ತೊಡೆಯ ಮೇಲಿಟ್ಟು ನಿಜಕ್ಕೂ ಅದು ಡಬ್ಬವೇ ಎಂದು ಕಿವಿಗೊಟ್ಟು ಕೇಳಿದಳು. ಕಲಿಕಾ ಕೇಂದ್ರದವರು ರಿಯಾಯಿತಿಯಲ್ಲಿ ಕೊಟ್ಟ ಗಿಟಾರು ಅದು. ಎದುರಿಗೆ ಕೂತು ಕೇಳುವವರಿಗೆ ಸಾಕಾಗುತ್ತಿತ್ತು. ಮೈಕಿಗೆ ದಾಕ್ಷಿಣ್ಯವಿಲ್ಲ. ದಪ್ಪ ತಂತಿ ಮೀಟಿದರೆ ನೊಣ ಸಿಕ್ಕಿಕೊಂಡ ಹಾಗೆ ಗುಂಯ್ ಎನ್ನುವುದು ರೆಕಾರ್ಡಿನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಒಮ್ಮೆ ಕೇಳಿದ ಮೇಲೆ ಅವಳಿಗೆ ಹಾಡು ಕೇಳಿಸುವುದೇ ನಿಂತು ಬರೀ ಆ ಗುಂಯ್ ಕೇಳತೊಡಗಿತು. ಮುಂದಿನ ಆರು ವಾರ ಅವಳು ಒಂದು ಹಾಡನ್ನೂ ರೆಕಾರ್ಡ್ ಮಾಡಲಿಲ್ಲ. ಬದಲಿಗೆ ಫೋನಿನಲ್ಲಿ ಗಿಟಾರುಗಳ ಬಗ್ಗೆ ಓದಿದಳು. ಯಾವ ಮರಕ್ಕೆ ಎಂಥ ದನಿ, ಹಳೆಯ ಮರವೇಕೆ ಮೇಲು ಎಂದು ಗಡ್ಡ ಬಿಟ್ಟ ಹುಡುಗರು ಹೇಳಿಕೊಡುತ್ತಿದ್ದರು.

ಇದರಲ್ಲಿ ಒಂದು ತಮಾಷೆಯಿತ್ತು. ಒಕ್‌ಬುನ್ ಹದಿನೇಳನೆಯ ವಯಸ್ಸಿನಿಂದ ಹದಿನೇಳು ವರ್ಷ ಗಿಟಾರು ಕಾರ್ಖಾನೆಯಲ್ಲಿ ದುಡಿದವಳು. ಮರಳುಕಾಗದ ಹಿಡಿದು ಗಿಟಾರಿನ ಬೆನ್ನಿನ ಹಲಗೆ ಉಜ್ಜುವುದು ಅವಳ ಕೆಲಸ. ದಿನಕ್ಕೆ ನಲವತ್ತು ಹಲಗೆ. ಮರಕ್ಕೆ ತೇವ ತಾಗಬಾರದೆಂದು ಕಿಟಕಿ ತೆರೆಯುವ ಹಾಗಿರಲಿಲ್ಲ. ಮನುಷ್ಯರಿಗೆ ಏನು ತಾಗಬಾರದೆಂದು ಯಾರೂ ಹೇಳಿರಲಿಲ್ಲ. ಉಜ್ಜಿ ಉಜ್ಜಿ ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿ, ಈಗಲೂ ಸರ್ಕಾರಿ ಕಚೇರಿಯ ಹೆಬ್ಬೆಟ್ಟಿನ ಯಂತ್ರ ಅವಳನ್ನು ಗುರುತು ಹಿಡಿಯುವುದಿಲ್ಲ. ಅಷ್ಟೂ ಗಿಟಾರುಗಳು ಪರದೇಶದ ಕಂಪನಿಗಳ ಹೆಸರು ಅಂಟಿಸಿಕೊಂಡು ಹಡಗು ಹತ್ತುತ್ತಿದ್ದವು. ಆಮೇಲೆ ಕೆಲಸವೂ ಒಂದು ದಿನ ಅದೇ ಹಡಗು ಹತ್ತಿ ಹೋಯಿತು. ಕಾರ್ಖಾನೆ ಮುಚ್ಚಿದಾಗ ಎಲ್ಲರಿಗೂ ಒಂದೊಂದು ಜೊತೆ ಟವೆಲ್ಲು ಕೊಟ್ಟಿದ್ದರು.

ಆ ಕಾರ್ಖಾನೆಯಲ್ಲಿ ವಾರ್ನಿಷ್ ಹೊಡೆಯುತ್ತಿದ್ದ ಜೊಂಗ್‌ಜಾ ಈಗಲೂ ಅವಳ ಗೆಳತಿ. ಅಕ್ಕ ಎಂದು ಕರೆಯುತ್ತಾಳೆ, ಅಕ್ಕನಿಗೆ ತೋರಿಸಬೇಕಾದ ಗೌರವ ಮಾತ್ರ ತೋರಿಸುವುದಿಲ್ಲ.

"ಅಕ್ಕಾ, ಹದಿನೇಳು ವರ್ಷ ನಿನ್ನ ಕೈಯಲ್ಲಿ ಸಾವಿರ ಸಾವಿರ ಗಿಟಾರು ಹಾದುಹೋದ್ವು. ಆವಾಗ ಒಂದನ್ನ ಬೇಲಿ ಆಚೆ ಎಸೆದಿದ್ರೆ ಈಗ ಈ ತಾಪತ್ರಯ ಇರ್ತಿತ್ತಾ?"

"ಆವಾಗ ನಾನು ಹಾಡ್ತಿರಲಿಲ್ಲ."

"ಈಗ ಹಾಡ್ತೀಯ ಅಂತ ನಿನಗೆ ಯಾರು ಹೇಳಿದ್ದು?"

ಅಂತೂ ಒಂದು ಶನಿವಾರ ಬೆಳಗ್ಗೆ ಇಬ್ಬರೂ ಸಿಯೋಲಿಗೆ ರೈಲು ಹತ್ತಿದರು. ವಾದ್ಯದಂಗಡಿಗಳೇ ತುಂಬಿದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ತಾಕ್ ಎಂಬುವನ ಅಂಗಡಿ ಇತ್ತು. ನಲವತ್ತೈದರ ಆಸುಪಾಸು, ಹಿಂದಕ್ಕೆ ಕಟ್ಟಿದ ಕೂದಲು. ಇಬ್ಬರು ಹೆಂಗಸರನ್ನು ನೋಡಿ ಬಹಳ ಮೃದುವಾಗಿ ಮಾತಾಡಿದ.

"ಬನ್ನಿ ಅಮ್ಮಾ. ಮೊಮ್ಮಗನಿಗಾ?"

"ನನಗೆ," ಅಂದಳು ಒಕ್‌ಬುನ್. "ಮನೇಲಿ ರೆಕಾರ್ಡ್ ಮಾಡೋಕೆ. ಮೈಕ್ ಮುಂದೆ ಗುಂಯ್ ಅನ್ನಬಾರದು."

ತಾಕ್‌ನ ಹುಬ್ಬು ಮೇಲೇರಿತು. ಹೊಸ ಗಿಟಾರುಗಳನ್ನು ಬಿಟ್ಟು ಅವನು ಗಾಜಿನ ಕಪಾಟಿನ ಬೀಗ ತೆಗೆದು, ಎರಡೂ ಕೈಯಲ್ಲಿ ಕೂಸನ್ನು ಎತ್ತುವ ಹಾಗೆ ಒಂದನ್ನು ಹೊರತೆಗೆದ. ಅದರ ತಲೆಯ ಮೇಲೆ 'ವೆಂಡ್‌ಮೋರ್' ಎಂದು ಬಂಗಾರದ ಅಕ್ಷರ.

"ಹೆಸರು ಅಮೆರಿಕದ್ದು. ಆದ್ರೆ ಹುಟ್ಟಿದ್ದು ನಮ್ಮಲ್ಲೇ ಅಮ್ಮಾ, ಎಂಬತ್ತೆಂಟನೇ ಇಸವಿ. ಆವಾಗಿನ ಕುಶಲಕರ್ಮಿಗಳು ಈಗ ಎಲ್ಲಿ ಸಿಗ್ತಾರೆ? ಈ ಬೆನ್ನು ಮುಟ್ಟಿ ನೋಡಿ. ಧ್ಯಾನ ಮಾಡಿದ ಹಾಗೆ ಉಜ್ಜಿದ್ದಾರೆ."

ಜೊಂಗ್‌ಜಾ ಕೆಮ್ಮಿದಳು.

"ಉಜ್ಜೋದು ಅಂದ್ರೆ ಏನು ಗೊತ್ತಾ ಅಮ್ಮಾ?" ಎಂದು ತಾಕ್ ಗಾಳಿಯಲ್ಲಿ ಕೈಯಾಡಿಸಿ ತೋರಿಸಿದ. "ಹೀಗೆ, ಮರದ ಎಳೆ ಹೋದ ಕಡೆಗೇ, ಉಸಿರು ಬಿಗಿಹಿಡಿದು."

"ಉಸಿರು ಬಿಗಿಹಿಡೀತಿದ್ದದ್ದು ಧೂಳಿಗೆ," ಅಂದಳು ಒಕ್‌ಬುನ್. ಅವನ ಕಿವಿಗೆ ಬೀಳಲಿಲ್ಲ. ಅವನಾಗಲೇ ಸಣ್ಣ ಟಾರ್ಚು ಹಚ್ಚಿ ಗಿಟಾರಿನ ಬಾಯೊಳಗೆ ಬೆಳಕು ಬಿಟ್ಟಿದ್ದ.

"ನೋಡಿ. ಎರಡು ಗೀಟು, ಒಂದು ಚುಕ್ಕಿ. ಪೆನ್ಸಿಲ್ಲಿನಲ್ಲಿ. ಇದು ಗುರುಗಳ ಗುಪ್ತ ಸಹಿ. ಹೆಸರು ಹಾಕೋದು ಅಹಂಕಾರ ಅಂತ ಗುರುತು ಮಾತ್ರ ಬಿಡ್ತಿದ್ರು. ಈ ಸಹಿಗೇ ಬೆಲೆ ಅಮ್ಮಾ. ಇಂಥದ್ದನ್ನ ಹುಡುಕಿಕೊಂಡು ಜಪಾನಿಂದ ಬರ್ತಾರೆ."

ಒಕ್‌ಬುನ್ ಬಗ್ಗಿ ನೋಡಿದಳು. ಎರಡು ಗೀಟು, ಒಂದು ಚುಕ್ಕಿ. ಅವಳ ಕೈಯಿಂದಲೇ ಆದದ್ದು. ಮೂವತ್ತೇಳು ವರ್ಷ ಆ ಕತ್ತಲಲ್ಲಿ ಒಂದು ಕೂದಲಿನಷ್ಟೂ ಮಾಸದೆ ಕೂತಿತ್ತು. ಅವಳಿಗೆ ನಗು ಬಂತು.

"ಯಜಮಾನ್ರೆ, ಅದು ಸಹಿ ಅಲ್ಲ. ಸಂಬಳ ಹಿಡಿಯೋ ಗುರುತು. ಹಲಗೆ ಕೆಟ್ಟರೆ ಯಾರು ಉಜ್ಜಿದ್ದು ಅಂತ ಗೊತ್ತಾಗಬೇಕಲ್ಲ, ಅದಕ್ಕೆ."

ತಾಕ್ ದೊಡ್ಡ ಮನಸ್ಸಿನಿಂದ ನಕ್ಕ. "ಹಾಗೂ ಕೆಲವರು ಹೇಳ್ತಾರೆ."

"ಆ ವರ್ಷ ಮಳೆಗಾಲದಲ್ಲಿ ಆರ್ಡರ್ ಜಾಸ್ತಿ ಬಂದು, ಮರ ಸರಿಯಾಗಿ ಒಣಗೋಕೂ ಬಿಡಲಿಲ್ಲ. ಅಂಟು ಹಿಡಿಯೋ ಮುಂಚೆ ಬಿಗಿದಿದ್ದ ಕ್ಲಾಂಪು ಬಿಚ್ಚಿಸ್ತಿದ್ರು. ಇದರ ಕುತ್ತಿಗೆ ಬಾಗಿರಬೇಕು, ನೋಡಿ."

ಗಿಟಾರನ್ನು ಬಂದೂಕಿನ ಹಾಗೆ ಕಣ್ಣಿಗೆ ಹಿಡಿದು ನೋಡಿದರೆ, ಬಾಗಿಯೇ ಇತ್ತು.

"ಅದು ಬಾಗಿದ್ದಲ್ಲ ಅಮ್ಮಾ," ಅಂದ ತಾಕ್. "ಪಕ್ವ ಆಗಿದ್ದು."

"ನನ್ನ ಸೊಂಟಾನೂ ಹಾಗಾದ್ರೆ ಪಕ್ವ ಆಗಿದೆ," ಅಂದಳು ಜೊಂಗ್‌ಜಾ.

ಆದರೂ ಒಕ್‌ಬುನ್ ಕೂತು ಅದನ್ನು ನುಡಿಸಿದಳು. ನುಡಿಸಬಾರದಿತ್ತು. ದಪ್ಪ ತಂತಿಯ ದನಿ ಎದೆಗೆ ಆನಿಸಿದ ಬೆನ್ನಿನ ಹಲಗೆಯ ಮೂಲಕ ಅವಳ ಪಕ್ಕೆಲುಬಿಗೆ ಇಳಿಯಿತು. ಚೆನ್ನಾಗಿತ್ತು. ಹಸಿ ಮರ, ಅವಸರದ ಅಂಟು, ಬಾಗಿದ ಕುತ್ತಿಗೆ, ಇಷ್ಟೆಲ್ಲ ಇದ್ದೂ ಬಹಳ ಚೆನ್ನಾಗಿತ್ತು. ಅವಳು ಕೈ ನಿಲ್ಲಿಸಿ ಗೆಳತಿಯ ಕಡೆ ತಿರುಗಿದಳು.

"ಜೊಂಗ್‌ಜಾ, ಇದಕ್ಕೆ ಇಂಥ ದನಿ ಇತ್ತು ಅಂತ ನಿಂಗೆ ಗೊತ್ತಿತ್ತಾ?"

"ಎಲ್ಲಿಂದ ಗೊತ್ತಾಗಬೇಕು? ತಂತಿ ಕಟ್ತಿದ್ದದ್ದು ಆಚೆ ಕಟ್ಟಡದಲ್ಲಿ. ನಮ್ಮನ್ನ ಅಲ್ಲಿಗೆ ಬಿಡ್ತಿದ್ರಾ?"

ಹದಿನೇಳು ವರ್ಷದಲ್ಲಿ ತಾನು ಮಾಡಿದ ಒಂದೇ ಒಂದು ಗಿಟಾರಿನ ದನಿಯನ್ನೂ ಅವಳು ಕೇಳಿರಲಿಲ್ಲ. ಅದು ಅಂದು ಅವಳಿಗೆ ಕೊರತೆ ಎನಿಸಿರಲೂ ಇಲ್ಲ. ಕೊರತೆಗಳು ಬೇರೆ ಬೇಕಾದಷ್ಟಿದ್ದವು.

ಬೆಲೆ ಕೇಳಿದಳು. ಅವಳ ನಾಲ್ಕು ತಿಂಗಳ ಪಿಂಚಣಿ. ಒಂದು ಕ್ಷಣ ಕಣ್ಣು ಮುಚ್ಚಿ, ಕೊಂಡೇಬಿಡುವುದು ಎಂದು ನಿರ್ಧರಿಸಿದಳು. ಆಮೇಲೆ ಸ್ವಲ್ಪ ಕಡಿಮೆ ಮಾಡಿಸಲು ಹೋದಳು. ಅಲ್ಲೇ ಎಲ್ಲ ಕೆಟ್ಟದ್ದು.

"ಯಜಮಾನ್ರೆ, ಇದನ್ನ ಉಜ್ಜಿದ್ದೇ ನಾನು. ಅಷ್ಟಾದ್ರೂ ನೋಡಿ ಒಂದು ಬೆಲೆ ಹೇಳಿ."

ತಾಕ್ ನಂಬಲಿಲ್ಲ. ಒಕ್‌ಬುನ್ ಮೇಜಿನ ಮೇಲಿದ್ದ ರಸೀದಿ ಪುಸ್ತಕದ ಹಿಂಬದಿಯಲ್ಲಿ ಎರಡು ಗೀಟು, ಒಂದು ಚುಕ್ಕಿ ಎಳೆದಳು. ಮೊದಲನೆಯ ಗೀಟು ಕೊಂಚ ಉದ್ದ, ಎರಡನೆಯದು ಗಿಡ್ಡ, ಚುಕ್ಕಿ ಸ್ವಲ್ಪ ಕೆಳಗೆ. ತಾಕ್ ಟಾರ್ಚು ಹಾಕಿ ಒಳಗೆ ನೋಡಿದ, ಕಾಗದ ನೋಡಿದ, ಮತ್ತೆ ಒಳಗೆ ನೋಡಿದ. ಬೆನ್ನು ನೆಟ್ಟಗಾಯಿತು. ಸೊಂಟದವರೆಗೆ ಬಗ್ಗಿ ನಮಸ್ಕಾರ ಮಾಡಿದ.

"ಗುರುಗಳೇ!"

ಅಮ್ಮ ಎನ್ನುವುದು ಅಲ್ಲಿಗೆ ಮುಗಿಯಿತು. ಕುರ್ಚಿ ಬಂತು, ಬಾರ್ಲಿ ಚಹಾ ಬಂತು. ಗಿಟಾರನ್ನು ಅವಳ ಕೈಗೆ ಕೊಟ್ಟು ಕೂರಿಸಿ ಫೋಟೋ ತೆಗೆದ. ರಸೀದಿಯ ಹಿಂಬದಿಯನ್ನೂ ಅವಳ ಬೆರಳಿನ ಪಕ್ಕ ಇಟ್ಟು ತೆಗೆದ. ಮಾಡಿದವರೇ ಬಂದು ಗುರುತಿಸಿದ ಗಿಟಾರು ಈ ದೇಶದಲ್ಲಿ ಇನ್ನೊಂದಿಲ್ಲ ಎಂದ. ಎಲ್ಲ ಆದ ಮೇಲೆ ಒಕ್‌ಬುನ್ ಪರ್ಸು ತೆಗೆದಳು.

ತಾಕ್ ಎರಡೂ ಕೈ ಹಿಸುಕಿಕೊಂಡ. "ಗುರುಗಳೇ, ಕ್ಷಮಿಸಬೇಕು. ಈಗ ಇದನ್ನ ಆ ಬೆಲೆಗೆ ಕೊಡೋಕಾಗಲ್ಲ."

"ಯಾಕೆ?"

"ತಾವು ಸಾಕ್ಷಿ ಹೇಳಿದ್ದೀರಲ್ಲ. ಎರಡರಷ್ಟಾದ್ರೂ ಆಗುತ್ತೆ. ಕಡಿಮೆಗೆ ಕೊಟ್ರೆ ತಮಗೇ ಅವಮಾನ."

ಒಕ್‌ಬುನ್ ಪರ್ಸು ಮುಚ್ಚಿದಳು. ಹೇಳಬೇಕಾದ್ದನ್ನು ಜೊಂಗ್‌ಜಾ ಇಬ್ಬರ ಪರವಾಗಿಯೂ ಹೇಳಿದಳು, ಅದನ್ನಿಲ್ಲಿ ಬರೆಯುವ ಹಾಗಿಲ್ಲ. ಅಂಗಡಿಯಿಂದ ಹೊರಬಂದು ಮೆಟ್ಟಿಲ ಬಳಿ ನಿಂತಾಗ ಒಕ್‌ಬುನ್ ಹೇಳಿದ್ದು ಇಷ್ಟೆ: "ಆವಾಗ ಗುರುತು ಹಾಕಿದ್ದಕ್ಕೆ ಸಂಬಳ ಹೋಯ್ತು. ಈಗ ಗಿಟಾರು."

"ಬಾ, ನೂಡಲ್ಸ್ ತಿನ್ನೋಣ," ಅಂದಳು ಜೊಂಗ್‌ಜಾ. "ಹೊಟ್ಟೆ ಖಾಲಿ ಇಟ್ಕೊಂಡು ಅವಮಾನ ಪಡಬಾರದು."

ಉಂಡ ಮೇಲೆ ಅದೇ ಕಟ್ಟಡದ ಕೊನೆಯ ಅಂಗಡಿಗೆ ಹೋದರು. ಅಲ್ಲಿನ ಮುದುಕ ಟೀವಿ ನೋಡುತ್ತ, ಬೇಕಾದ್ದು ನೋಡಿಕೊಳ್ಳಿ ಎಂದು ಗಲ್ಲದಿಂದ ತೋರಿಸಿದ. ಒಕ್‌ಬುನ್ ಈ ಸಲ ದನಿ ಕೇಳುವ ಮೊದಲು ಒಂದೊಂದೇ ಗಿಟಾರಿನ ಬಾಯೊಳಗೆ ಕೈಹಾಕಿ, ಗೆರೆಯಿಲ್ಲದ ಬೆರಳಲ್ಲಿ ಒಳಗಿನ ಪಟ್ಟಿಗಳನ್ನು ಸವರಿದಳು. ಒಳಗಡೆ ಯಾರೂ ನೋಡುವುದಿಲ್ಲ. ಅದಕ್ಕೇ ಅಲ್ಲಿ ಸುಳ್ಳು ಹೇಳಲು ಬರುವುದಿಲ್ಲ. ಕೆಲವು ತರಚುತ್ತಿದ್ದವು. ಒಂದರಲ್ಲಿ ಅಂಟು ಒಣಗಿ ಹರಳುಗಟ್ಟಿತ್ತು. ಐದನೆಯದಕ್ಕೆ ಅವಳ ಕೈ ನಿಂತಿತು. ಪಟ್ಟಿಗಳ ಅಂಚನ್ನೆಲ್ಲ ಯಾರೋ ದುಂಡಗೆ, ಹಸನಾಗಿ ಉಜ್ಜಿದ್ದರು. ಅಷ್ಟು ಉಜ್ಜಬೇಕಾದ ಅಗತ್ಯವೇ ಇರಲಿಲ್ಲ.

"ಇದು ಎಲ್ಲಿಯದು?"

"ಇಂಡೊನೇಷ್ಯಾ," ಅಂದ ಮುದುಕ, ಕಣ್ಣು ತಿರುಗಿಸದೆ. "ಹೊಸದು. ವಿಶೇಷ ಏನೂ ಇಲ್ಲ."

"ಇದನ್ನ ಉಜ್ಜಿದವಳು ಬೆಳಗ್ಗೆ ಹೊತ್ತಲ್ಲಿ ಉಜ್ಜಿದ್ದಾಳೆ," ಅಂದಳು ಒಕ್‌ಬುನ್. "ಊಟದ ಬಿಡುವಿನ ನಂತರ ಯಾರ ಕೈಗೂ ಇಷ್ಟು ತಾಳ್ಮೆ ಇರಲ್ಲ." ಬೆಲೆ ಒಂದೂವರೆ ತಿಂಗಳ ಪಿಂಚಣಿ. ಚೌಕಾಸಿ ಮಾಡುವ ಧೈರ್ಯ ಅವಳಿಗೆ ಆ ದಿನ ಉಳಿದಿರಲಿಲ್ಲ. ಕೇಳಿದಷ್ಟು ಕೊಟ್ಟು ಬಂದಳು.

ಮರುದಿನವೇ ಬೀರು ತೆರೆದು ಕೂತು ರೆಕಾರ್ಡ್ ಮಾಡಿದಳು. ನೊಣ ಹೋಗಿತ್ತು. ಅದು ಹೋದ ಮೇಲೆ ಅಷ್ಟು ದಿನ ಅದರ ಹಿಂದೆ ಅಡಗಿದ್ದ ಅವಳ ಸ್ವಂತ ತಪ್ಪುಗಳೆಲ್ಲ ಒಂದೊಂದಾಗಿ ಹೊರಬಂದವು. ಎಡಗೈ ತಡವಾಗಿ ಇಳಿಯುವುದು, ಮೂರನೆಯ ಸಾಲಿನಲ್ಲಿ ತಾಳ ಓಡುವುದು, ದಾಲ್‌ಸು ಬಚ್ಚಲಲ್ಲಿ ಗಂಟಲು ಕ್ಯಾಕರಿಸುವುದು. ಇಪ್ಪತ್ತೊಂದು ಸಲ ಹಾಡಿ ಒಂದನ್ನು ಹಾಕಿದಳು. ಡಬ್ಬ ಎಂದಿದ್ದ ಪುಣ್ಯಾತ್ಮರೇ ಮತ್ತೆ ಬರೆದರು: "ಆಹಾ! ಇದು ನಮ್ಮ ಹಳೆಯ ಕುಶಲಕರ್ಮಿಗಳ ಗಿಟಾರು. ಕೇಳಿದರೇ ಗೊತ್ತಾಗುತ್ತದೆ. ಎಷ್ಟನೇ ಇಸವಿಯದು?" ಒಕ್‌ಬುನ್ ಉತ್ತರ ಬರೆಯಲು ಹೋಗಿ, ಅಳಿಸಿ, ಅಕ್ಕಿ ನೆನೆಹಾಕಲು ಎದ್ದುಹೋದಳು.

ತಿಂಗಳೊಳಗೆ ತಾಕ್‌ನ ಫೋನು ಬಂತು. ಅವಳ ಫೋಟೋದೊಂದಿಗೆ ಗಿಟಾರು ಮೂರೇ ದಿನಕ್ಕೆ ಮಾರಾಟವಾಗಿತ್ತು. ಈಗ ಜನ ಅಟ್ಟದ ಮೇಲಿನ ಹಳೆಯ ಗಿಟಾರುಗಳನ್ನೆಲ್ಲ ಹೊತ್ತು ತರುತ್ತಿದ್ದಾರೆ, ಗುರುಗಳು ಶನಿವಾರ ಬಂದು ಗುರುತಿಸಿಕೊಡಬೇಕು, ಗೌರವಧನ ಕೊಡುತ್ತೇನೆ ಎಂದ.

"ಹೋಗ್ಬೇಡ," ಅಂದ ದಾಲ್‌ಸು. "ಮುಖಕ್ಕೆ ಉಗಿದು ಫೋನ್ ಇಡು."

ಅವಳು ಉಗಿಯಲಿಲ್ಲ. ದುಡ್ಡಿನ ಜೊತೆ ಒಂದು ಷರತ್ತು ಹಾಕಿದಳು. ತನ್ನ ಗುರುತಿನ ಗಿಟಾರು ಬಂದರೆ ಮಾರುವ ಮುಂಚೆ ಹೊಸ ತಂತಿ ಕಟ್ಟಿ, ಬಾಗಿಲು ಹಾಕಿದ ಕೋಣೆಯಲ್ಲಿ ಅರ್ಧ ಗಂಟೆ ತನ್ನ ಕೈಗೆ ಬಿಡಬೇಕು. ತಾಕ್‌ಗೆ ಇದು ಗುರುಗಳ ದೊಡ್ಡತನವಾಗಿ ಕಂಡಿತು. ಕೂಡಲೇ ಒಪ್ಪಿದ.

ಹೀಗೆ ಈ ಶರತ್ಕಾಲದಲ್ಲಿ ಒಕ್‌ಬುನ್ ತಾನು ಉಜ್ಜಿದ ಒಂಬತ್ತು ಗಿಟಾರುಗಳ ದನಿ ಕೇಳಿದಳು. ಗಿರಾಕಿಗಳಿಗೆ ಇದ್ದದ್ದನ್ನು ಇದ್ದ ಹಾಗೆಯೇ ಹೇಳುತ್ತಾಳೆ. ಇದರ ಅಂಟು ಸರಿಯಿಲ್ಲ, ಇದಕ್ಕೆ ನನ್ನ ಸಂಬಳ ಹಿಡಿದಿದ್ದರು ಎನ್ನುತ್ತಾಳೆ. ಸಂಬಳ ಹಿಡಿದದ್ದಕ್ಕೇ ಜನ ಹೆಚ್ಚು ಕೊಡುತ್ತಾರೆ. ಒಂಬತ್ತರಲ್ಲಿ ಆರು ಚೆನ್ನಾಗಿದ್ದವು, ಒಂದು ಪರವಾಗಿಲ್ಲ, ಎರಡು ಶುದ್ಧ ಡಬ್ಬ.

"ಡಬ್ಬ ಆಗಿದ್ದು ವಾರ್ನಿಷ್ ದಪ್ಪ ಆಗಿ," ಎಂದು ಒಕ್‌ಬುನ್ ರೈಲಿನಲ್ಲಿ ಹೇಳಿದಳು.

"ಉಜ್ಜಿದ್ದು ಸರಿ ಇದ್ರೆ ವಾರ್ನಿಷ್ ಯಾಕೆ ದಪ್ಪ ಹೊಡೀಬೇಕಿತ್ತು?" ಎಂದು ಜೊಂಗ್‌ಜಾ ಕೇಳಿದಳು. ಬುಪ್ಯೊಂಗ್ ಬರುವವರೆಗೂ ಅದೇ ಜಗಳ ನಡೆಯಿತು.