ಗೋಡೆಯಾಚೆಯ ಗುಂ ಸದ್ದು

ನಾನು ಅಪ್ಪನನ್ನು ಬಹುವಚನದಲ್ಲಿ, ಚಿಕ್ಕಪ್ಪನನ್ನು ಏಕವಚನದಲ್ಲಿ ಕರೆದು ಬೆಳೆದವಳು. ಯಾರ ಹತ್ತಿರ ಸಲಿಗೆ ಇತ್ತು ಎಂದು ಬೇರೆ ಹೇಳಬೇಕಿಲ್ಲ. ಶಿಡ್ಲಘಟ್ಟದ ನಮ್ಮ ತಾತನ ಮನೆಗೆ ನಡುವೆ ಒಂದು ಗೋಡೆ ಎಬ್ಬಿಸಿ ಇಬ್ಬರೂ ಅಕ್ಕಪಕ್ಕದಲ್ಲಿ ಸಂಸಾರ ಹೂಡಿದ್ದರು. ಆಚೆ ಕಡೆ ಚಿಕ್ಕಪ್ಪ ರೇಷ್ಮೆ ನೂಲಿಗೆ ಹುರಿ ಕೊಡುವ ಮಿಷನ್ ಹಾಕಿಕೊಂಡಿದ್ದ. ಅದೇ ಅವನ ಅನ್ನ. ಆದರೆ ಮನೆ ಇದ್ದದ್ದು ಹಿರಿಮಗನಾದ ಅಪ್ಪನ ಹೆಸರಿನಲ್ಲಿ, ಮಿಷನ್ನಿನ ಪವರ್ ಕನೆಕ್ಷನ್ನೂ ಅವರ ಹೆಸರಿನಲ್ಲೇ. ಬಿಲ್ಲು ಚಿಕ್ಕಪ್ಪ ಕಟ್ಟುತ್ತಿದ್ದ. ಅಪ್ಪ ಬೇಡ ಅಂದ ದಿನ ನಿಂತುಹೋಗುವ ಅನ್ನ ಅದು.

ಎಂಬತ್ತರ ದಶಕದ ಕೊನೆಗೆ ಅಪ್ಪ ಬೆಂಗಳೂರಿನಿಂದ ಒಂದು ರೆಕಾರ್ಡ್ ಪ್ಲೇಯರ್ ತಂದರು. ಯಾರೋ ಮನೆ ಖಾಲಿ ಮಾಡುವಾಗ ಮಾರಿದ್ದು. ಜೊತೆಗೆ ಆಂಪ್ಲಿಫಯರ್, ಅಕ್ಕಿ ಡಬ್ಬದಷ್ಟು ದೊಡ್ಡ ಸ್ಪೀಕರ್. ಪ್ಲೇಯರನ್ನು ಬಸ್ಸಿನಲ್ಲಿ ಹಸುಗೂಸಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬಂದಿದ್ದರಂತೆ. ನಮ್ಮನ್ನು ಯಾರನ್ನೂ ಹಾಗೆ ಕೂರಿಸಿಕೊಂಡದ್ದು ನನಗೆ ನೆನಪಿಲ್ಲ. ಸೆಟ್ಟು ಅಂದರೆ ಒಟ್ಟಿಗಿರಬೇಕು ಎಂದು ಮೂರನ್ನೂ ತಾತನ ಕಾಲದ ತೇಗದ ಬೆಂಚಿನ ಮೇಲೆ ಸಾಲಾಗಿ ಇಟ್ಟರು.

ಸಣ್ಣಗೆ ಹಾಕಿದರೆ ಏನೂ ತೊಂದರೆ ಇರಲಿಲ್ಲ. ಆದರೆ ರೆಕಾರ್ಡಿನ ಪಿಟೀಲು ಕಛೇರಿ ಕಾವೇರಿದಂತೆ ಅಪ್ಪನ ಕೈ ಸದ್ದಿನ ಗುಂಡಿಯ ಮೇಲೆ ಹೋಗುತ್ತಿತ್ತು. ಸದ್ದು ಏರಿದ ಮೇಲೆ ಮೃದಂಗದ ಎಡಗಡೆಯ ಒಂದು ಪೆಟ್ಟು ಬಿದ್ದರೆ ಸಾಕು, ಅದು ಅಲ್ಲಿಗೆ ಮುಗಿಯದೆ ಗುಂ ಎಂದು ಉಬ್ಬುತ್ತಾ ಉಬ್ಬುತ್ತಾ ಪಿಟೀಲನ್ನು ನುಂಗಿಬಿಡುತ್ತಿತ್ತು. ಕೊನೆಗೆ ಪ್ಲೇಯರಿನ ಮುಳ್ಳು ಎಗರಿ ಎಲ್ಲೋ ಬೀಳುತ್ತಿತ್ತು. ಅಪ್ಪ ಸೈಕಲ್ ಟ್ಯೂಬ್ ಕತ್ತರಿಸಿ ಪ್ಲೇಯರಿನ ಕಾಲಡಿ ಇಟ್ಟರು. ಸ್ಪಂಜು ಇಟ್ಟರು. ಚಿಂತಾಮಣಿಯಿಂದ ಕಡಪ ಕಲ್ಲಿನ ಚಪ್ಪಡಿ ತರಿಸಿ ಅದರ ಮೇಲೆ ಕೂರಿಸಿದರು. ಅಮ್ಮನ ಒಳ್ಳೆಯ ದಿಂಬೊಂದು ಈ ಸೇವೆಯಲ್ಲಿ ಹೋಯಿತು. ಮುಳ್ಳಿನ ತಲೆಯ ಮೇಲೆ ನಾಲ್ಕಾಣೆ ಇಟ್ಟಾಗ ಎಗರುವುದು ನಿಂತಿತು, ರೆಕಾರ್ಡಿನ ತಟ್ಟೆಗೆ ಗೀರು ಬಿತ್ತು, ಗುಂ ಮಾತ್ರ ಇದ್ದಲ್ಲೇ ಇತ್ತು.

ಒಂದು ಸಾಯಂಕಾಲ ಅಪ್ಪ ನಡುಗೋಡೆಗೆ ಅಂಗೈ ಇಟ್ಟು ನಿಂತರು. ಆಚೆ ಮಿಷನ್ ಓಡುತ್ತಿತ್ತು, ಗೋಡೆ ಸಣ್ಣಗೆ ನಡುಗುತ್ತಿತ್ತು. ಅಡುಗೆಮನೆಯಲ್ಲಿ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಚಿಣಿಚಿಣಿ ಎನ್ನುವುದು ನಮಗೆಲ್ಲ ಎಂದೋ ರೂಢಿಯಾಗಿತ್ತು. ಅಪ್ಪನ ಮುಖದಲ್ಲಿ ಕಳ್ಳ ಸಿಕ್ಕಿಬಿದ್ದ ಖುಷಿ ಕಂಡಿತು.

ಅಪ್ಪ ಹೋಗಿ ದೂರಿದ ಮೇಲೆ ಚಿಕ್ಕಪ್ಪ ಮಿಷನ್ನಿನ ಕಾಲಡಿ ಗೋಣಿಚೀಲ ಮಡಿಸಿ ಇಟ್ಟ. ಗುಂ ಕಡಿಮೆಯಾಗಲಿಲ್ಲ. ಆಮೇಲೊಂದು ದಿನ ಅವನೇ ಬಂದು ಹೇಳಿದ: "ಅಣ್ಣಾ, ಒಂದಿನ ಸಾಯಂಕಾಲ ಮಿಷನ್ ನಿಲ್ಲಿಸ್ಬಿಡ್ತೀನಿ. ನೀನು ಜೋರಾಗಿ ಹಾಕಿ ನೋಡು. ನಮ್ದೇ ಅಂತಾದ್ರೆ ಏನಾದ್ರೂ ಮಾಡಣ."

"ಗೋಡೆ ನಡುಗೋದು ನನ್ ಕೈಗೆ ಗೊತ್ತಾಗಲ್ವೇನೋ? ನೀನ್ ನಂಗೆ ಪಾಠ ಹೇಳಕ್ಕೆ ಬರ್ಬೇಡ" ಎಂದರು ಅಪ್ಪ.

ಅಲ್ಲಿಗೆ ಪರೀಕ್ಷೆ ಮುಗಿಯಿತು. ತಾನಾಗಿ ಗೊತ್ತಾಗುವ ದಾರಿಯೂ ಇರಲಿಲ್ಲ. ಕರೆಂಟು ಹೋದರೆ ಮಿಷನ್ ನಿಲ್ಲುತ್ತಿತ್ತು, ಆದರೆ ನಮ್ಮ ತಟ್ಟೆಯೂ ಅದರ ಜೊತೆಗೇ ನಿಲ್ಲುತ್ತಿತ್ತು. ಬಂದರೆ ಎರಡೂ ಒಟ್ಟಿಗೆ ಶುರು. ಆಯುಧಪೂಜೆಗೆ ಚಿಕ್ಕಪ್ಪ ಮಿಷನ್ ತೊಳೆದು ಕುಂಕುಮ ಇಟ್ಟ ದಿನ ಮನೆ ತುಂಬ ನೆಂಟರು, ಪಿಟೀಲು ಯಾರಿಗೆ ಬೇಕಿತ್ತು?

ಅದಾದ ಮೇಲೆ ಅಪ್ಪ ಆಫೀಸಿನವರನ್ನು ಕಛೇರಿ ಕೇಳಲು ಮನೆಗೆ ಕರೆದರು. ಅಮ್ಮ ಬೋಂಡ ಕರಿದಳು. ತಟ್ಟೆ ತಿರುಗಿತು, ಸದ್ದು ಏರಿತು, ಗುಂ ಬಂತು. ಬಂದವರಲ್ಲಿ ಒಬ್ಬರು, "ಏನ್ ಸಾರ್, ಒಳಗೆ ಹಿಟ್ಟಿನ ಗಿರಣಿ ಇಟ್ಟಿದ್ದೀರಾ?" ಅಂದರು. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ನಗುತ್ತಲೇ ತಟ್ಟೆ ನಿಲ್ಲಿಸಿದರು.

ಮರುದಿನವೇ ಅಪ್ಪ ಕರೆಂಟ್ ಆಫೀಸಿಗೆ ಹೋಗಿ, ಮಿಷನ್ನಿನ ಕನೆಕ್ಷನ್ ನನ್ನ ಹೆಸರಲ್ಲಿದೆ, ನನಗೆ ಬೇಡ ಎಂದು ಹೇಳಿ ಬಂದರು. ಚಿಕ್ಕಪ್ಪ ನಮ್ಮ ಬಾಗಿಲಲ್ಲಿ ನಿಂತು, "ಬೇರೆ ಜಾಗ ಸಿಗೋವರ್ಗಾದ್ರೂ ಬಿಡಣ್ಣ" ಎಂದು ಕೇಳಿದ. "ಇಷ್ಟ್ ದಿನ ಬಿಟ್ಟಿದ್ದೇ ಹೆಚ್ಚು" ಎಂದರು ಅಪ್ಪ. ಕರೆಂಟು ಕಟ್ಟಾಯಿತು. ಬೇರೆ ಜಾಗ ಸಿಗಲಿಲ್ಲ. ಚಿಕ್ಕಪ್ಪ ಮಿಷನ್ನನ್ನು ಸಿಕ್ಕ ಬೆಲೆಗೆ ಕೊಟ್ಟು ಚಿಕ್ಕಮ್ಮನ ತವರೂರು ಚಿಂತಾಮಣಿಗೆ ಹೊರಟುಹೋದ. ಹೊರಡುವಾಗ ಚಿಕ್ಕಮ್ಮ ಬೀಗದ ಕೈಯನ್ನು ಅಮ್ಮನ ಕೈಗೆ ಕೊಡದೆ ಜಗಲಿಯ ಮೇಲಿಟ್ಟು ನಡೆದಳು.

ಅವತ್ತು ಸಾಯಂಕಾಲ ಅಪ್ಪ ಸ್ನಾನ ಮಾಡಿ ಬಂದು ತಟ್ಟೆ ಹಾಕಿದರು. ಲೋಟಗಳು ಸದ್ದಿಲ್ಲದೆ ಕೂತಿದ್ದವು. ಗುಂಡಿ ತಿರುಗಿಸಿದರು. ಮೃದಂಗದ ಪೆಟ್ಟು ಬಿತ್ತು. ಗುಂ ಎಂದಿತು, ಮೊದಲಿನಂತೆಯೇ, ಒಂದಿಷ್ಟೂ ಕಡಿಮೆಯಿಲ್ಲದೆ. ಅಪ್ಪ ಬೀಗದ ಕೈ ತೆಗೆದುಕೊಂಡು ಆಚೆ ಮನೆಗೆ ಹೋದರು. ನಾನು ಹಿಂದೆಯೇ ಹೋದೆ. ಎಣ್ಣೆ ಕಲೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಅವರು ಆ ಕಡೆಯಿಂದಲೂ ಗೋಡೆಗೆ ಅಂಗೈ ಇಟ್ಟು ತುಂಬ ಹೊತ್ತು ನಿಂತರು. ಆಮೇಲೆ ಅವರು ಗುಂಡಿಯನ್ನು ಮೇಲಕ್ಕೆ ತಿರುಗಿಸಲೇ ಇಲ್ಲ. ಸ್ಪೀಕರಿನ ಹತ್ತಿರ ಕಿವಿ ತಂದು ಸಣ್ಣಗೆ ಕೇಳುತ್ತಿದ್ದರು.

ಮಳೆಗಾಲದಲ್ಲಿ ಬೆಂಚಿಗೆ ಗೆದ್ದಲು ಹಿಡಿಯಿತು. ಅಮ್ಮ ಸೀಮೆಎಣ್ಣೆ ಒರೆಸಲೆಂದು ಸ್ಪೀಕರನ್ನು ಕೆಳಗಿಳಿಸಿ ಎದುರು ಗೋಡೆಯ ಪಕ್ಕ ನೆಲದ ಮೇಲಿಟ್ಟಳು. ಮಧ್ಯಾಹ್ನ ಅಪ್ಪ ಇಲ್ಲದಾಗ ನಾನೇ ತಟ್ಟೆ ಹಾಕಿ, ಹೊಟ್ಟೆಯಲ್ಲಿದ್ದ ಸಿಟ್ಟಿಗೋ ಏನೋ, ಗುಂಡಿಯನ್ನು ಪೂರ್ತಿ ತಿರುಗಿಸಿದೆ. ಮೃದಂಗ ಮೃದಂಗದ ಹಾಗೇ ಕೇಳಿತು. ಗುಂ ಇರಲಿಲ್ಲ. ಸ್ಪೀಕರನ್ನು ಮತ್ತೆ ಬೆಂಚಿನ ಮೇಲೆ ಇಟ್ಟೆ, ಬಂತು. ಇಳಿಸಿದೆ, ಹೋಯಿತು. ಸ್ಪೀಕರ್ ಬೆಂಚನ್ನು ನಡುಗಿಸುತ್ತಿತ್ತು, ಬೆಂಚು ಮುಳ್ಳನ್ನು ನಡುಗಿಸುತ್ತಿತ್ತು, ಮುಳ್ಳು ಆ ನಡುಕವನ್ನೇ ಮತ್ತೆ ಸ್ಪೀಕರಿಗೆ ಕಳಿಸುತ್ತಿತ್ತು. ಅಷ್ಟೇ. "ಇಷ್ಟೇನೇ?" ಎಂದು ಅಮ್ಮ ಸೀಮೆಎಣ್ಣೆ ಬಟ್ಟೆ ಹಿಡಿದುಕೊಂಡೇ ನೆಲದ ಮೇಲೆ ಕೂತು ಅತ್ತಳು.

ಸಾಯಂಕಾಲ ಅಪ್ಪನಿಗೂ ಹಾಗೆಯೇ ಮಾಡಿ ತೋರಿಸಿದೆ. ಅವರು ತಟ್ಟೆ ನಿಲ್ಲಿಸಿ, "ಭಾನುವಾರ ಚಿಂತಾಮಣಿಗೆ ಹೋಗಣ, ನೀನೂ ಬಾ" ಎಂದರು. ಬಸ್ಸಿನಲ್ಲಿ ಕೈವಾರದ ಹತ್ತಿರ ತಾವಾಗಿಯೇ, "ತಪ್ಪು ನಂದೇ ಅಂತ ಹೇಳ್ತೀನಿ. ಮನೆಗೆ ಬಾ ಅಂತ ಕರೀತೀನಿ" ಎಂದರು. ಅಪ್ಪನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಚಿಕ್ಕಪ್ಪ ಟೊಮೇಟೊ ಮಂಡಿಯೊಂದರಲ್ಲಿ ತೂಕ ಹಾಕುವ ಕೆಲಸಕ್ಕಿದ್ದ. ಒಂದೇ ಕೋಣೆಯ ಬಾಡಿಗೆ ಮನೆ. ಅಣ್ಣನನ್ನು ಕಂಡು ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಇದ್ದ ಒಂದೇ ಸ್ಟೂಲನ್ನು ಪಂಚೆಯಿಂದ ಒರೆಸಿ ಹಾಕಿ, ತಾನು ನೆಲದ ಮೇಲೆ ಕೂತು, ಮೊದಲು ಕೇಳಿದ್ದೇ ಅದನ್ನು: "ಅಣ್ಣಾ, ಆ ಸದ್ದು ಹೋಯ್ತಾ?"

ಅಪ್ಪ ನನ್ನ ಕಡೆ ನೋಡಲಿಲ್ಲ. "ಹೋಯ್ತು ಕಣೋ" ಎಂದರು.

"ನೋಡಿದ್ಯೇನೇ!" ಚಿಕ್ಕಪ್ಪ ಒಲೆಯ ಮುಂದಿದ್ದ ಚಿಕ್ಕಮ್ಮನಿಗೆ ಕೂಗಿ ಹೇಳಿದ. "ನಮ್ ಮಿಷನ್ನಿಂದಾನೇ ಅದು. ನಾನೇ ಸುಮ್ನೆ ಅಲ್ಲ ಅಲ್ಲ ಅಂತ ವಾದ ಮಾಡ್ತಿದ್ದೆ. ಪಾಪ, ಅಣ್ಣ ಎಷ್ಟ್ ದಿನ ಸಹಿಸ್ಕೊಂಡ!"

ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ. ಅವತ್ತು ಅವರ ಮೇಲೆ ಹುಟ್ಟಿದ ಅಸಹ್ಯ ಇವತ್ತಿಗೂ ನನ್ನಿಂದ ಪೂರ್ತಿ ಹೋಗಿಲ್ಲ. ಚಿಕ್ಕಮ್ಮ ಕಾಫಿ ತಂದು ಮುಂದೆ ಹಿಡಿದಳು. ಅಪ್ಪ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದು, "ಸಕ್ಕರೆ ಸ್ವಲ್ಪ ಜಾಸ್ತಿ ಆಯ್ತಮ್ಮ" ಎಂದರು.