ಗೊಂಬೆಗಳ ಕ್ರಿಕೆಟ್ ಮೈದಾನ

ಪ್ರಣತಿ ಗದಗದ ಹತ್ತಿರದ ಹಳ್ಳಿಯವಳು. ಸಿಡ್ನಿಯಲ್ಲಿ ಪಶ್ಚಿಮದ ಸಬರ್ಬ್‌ಗಳ ಸುದ್ದಿ ಕೊಡುವ ಚಿಕ್ಕ ವೆಬ್‌ಸೈಟೊಂದಕ್ಕೆ ಕೋರ್ಟ್ ವರದಿ ಬರೆಯುತ್ತಿದ್ದಳು. ಲೈಂಗಿಕ ದೌರ್ಜನ್ಯದ ದೂರು ಕೊಟ್ಟವಳ ಹೆಸರು ಹಾಕುವಂತಿಲ್ಲ, ಓದಿದವರಿಗೆ ಅವಳು ಯಾರೆಂದು ಗೊತ್ತಾಗುವ ಯಾವ ವಿವರವನ್ನೂ ಹಾಕುವಂತಿಲ್ಲ. ಈ ನಿಯಮವನ್ನು ಅವಳು ದೇವರ ಮಾತಿನಂತೆ ಪಾಲಿಸುತ್ತಿದ್ದಳು.

ಒಂದು ವರ್ಷ ಅಂಥ ಮೊಕದ್ದಮೆಯಲ್ಲಿ ದೂರು ಕೊಟ್ಟವಳು ಮೈಸೂರಿನ ಕಡೆಯವಳಾಗಿದ್ದಳು. ಇಲ್ಲಿ ಅವಳನ್ನು ಅಪರ್ಣ ಎನ್ನುತ್ತೇನೆ. ಹೆಸರು, ಸಬರ್ಬ್, ಮುಂದೆ ಬರುವ ಕ್ರಿಕೆಟ್ ಮೈದಾನ, ಎಲ್ಲವೂ ಬದಲಿಸಿದವೇ.

ದಸರೆಯ ಒಂದು ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರೆಲ್ಲ ಹೊರಟ ಮೇಲೆ ಗಂಡನ ಗೆಳೆಯನೊಬ್ಬ ಮರೆತ ಜಾಕೆಟ್ ನೆಪದಲ್ಲಿ ರೌಸ್ ಹಿಲ್‌ನ ಅವಳ ಮನೆಗೆ ಮರಳಿ ಬಂದಿದ್ದ. ಗಂಡ ಊರಲ್ಲಿರಲಿಲ್ಲ. "ಅಷ್ಟು ಹೊತ್ತೂ ಆಕೆ ಎದುರಿಗಿದ್ದ ಗೊಂಬೆಗಳ ಕ್ರಿಕೆಟ್ ಮೈದಾನವನ್ನೇ ನೋಡುತ್ತಿದ್ದಳು" ಎಂದು ಸರ್ಕಾರಿ ವಕೀಲರು ಜ್ಯೂರಿಗೆ ಹೇಳಿದರು.

ವರದಿಯಲ್ಲಿ ಪ್ರಣತಿ ಅವಳ ಹೆಸರು ಬಿಟ್ಟಳು. ಸಬರ್ಬ್, ಉದ್ಯೋಗ, ಆರೋಪಿಯ ಹೆಸರು ಎಲ್ಲ ಬಿಟ್ಟಳು. ಸರ್ಕಾರಿ ವಕೀಲರ ಆ ಒಂದು ವಾಕ್ಯವನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ. ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಕೂತು ವರದಿಗಳನ್ನು ನೋಡುತ್ತಿದ್ದ ವೆಬ್‌ಸೈಟಿನ ವಕೀಲನಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಪ್ರಣತಿಯ ಊರಿನಲ್ಲಿ ದಸರೆ ಎಂದರೆ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎನ್ನುವುದು. ಗೊಂಬೆ ಕೂರಿಸುವ ಮನೆಗೆ ಅವಳು ಹೋದವಳೇ ಅಲ್ಲ; ಗೊಂಬೆ ನೋಡಿಯೇ ಯಾರ ಮನೆಯೆಂದು ಜನ ಗುರುತಿಸುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ.

ವರದಿ ಬಂದ ಸಂಜೆಯೇ ವತ್ಸಲಾ ಆಂಟಿ ಮಹಡಿ ಹತ್ತಿ ಬಂದರು. ವೆಸ್ಟ್‌ಮೀಡ್‌ನಲ್ಲಿ ಅವಳಿಗೆ ಮನೆ ಬಾಡಿಗೆ ಕೊಟ್ಟಿದ್ದ ನಿವೃತ್ತ ಡಾಕ್ಟರ್ ಅವರು.

"ಏನೇ ಇದು? ಕ್ರಿಕೆಟ್ ಗೊಂಬೆ ಅಂದ್ರೆ ನಮ್ಮ ಅಪರ್ಣನ ಮನೇದು ತಾನೆ? ಅಂಪೈರ್‌ಗೆ ಮೈಸೂರು ಪೇಟ ಸುತ್ತಿದ್ಲಲ್ಲ, ಹೋದೋರೆಲ್ಲ ಅದರ ಪಕ್ಕ ನಿಂತು ಫೋಟೊ ತೆಗೆಸ್ಕೊಂಡಿದ್ವಿ."

ಪ್ರಣತಿ ಬಾಗಿಲು ಮುಚ್ಚಿದಳು. "ನನಗ ಏನೂ ಹೇಳಾಕ ಬರೂದಿಲ್ರಿ ಆಂಟಿ."

"ಅಲ್ಲ ಅನ್ನೋ ಹಾಗಿದ್ರೆ ಅಲ್ಲ ಅಂತಿದ್ದೆ."

"ಹೌದಂತನೂ ಹೇಳೂ ಹಂಗಿಲ್ಲ, ಅಲ್ಲಂತನೂ ಹೇಳೂ ಹಂಗಿಲ್ಲ. ಯಾರ ಮುಂದೂ ಆಡಬ್ಯಾಡ್ರಿ, ಕೈ ಮುಗಿತೀನಿ."

"ನಾನ್ಯಾಕೆ ಆಡ್ಲಿ? ವಾಟ್ಸ್ಯಾಪ್ ಗ್ರೂಪಲ್ಲಿ ಆಗ್ಲೇ ಫೋಟೊ ಹಾಕ್ಬಿಟ್ಟಿದ್ದಾರೆ."

ಪ್ರಣತಿ ತಾನೇ ಸಂಪಾದಕರಿಗೂ ಸರ್ಕಾರಿ ವಕೀಲರಿಗೂ ತಿಳಿಸಿದಳು. ವರದಿಯನ್ನು ಕೂಡಲೇ ತೆಗೆದುಹಾಕಿದರು, ವೆಬ್‌ಸೈಟ್ ಅಪರ್ಣಳ ಕ್ಷಮೆ ಕೇಳಿತು. ಆರೋಪಿಗೆ ಜೈಲಾಯಿತು. ಜನರ ಫೋನುಗಳಲ್ಲಿದ್ದ ವಾಕ್ಯವನ್ನು ಮಾತ್ರ ಯಾರಿಂದಲೂ ತೆಗೆಯಲಾಗಲಿಲ್ಲ.

ಆಮೇಲೆ ಅವಳ ವರದಿಗಳು ತೆಳುವಾಗುತ್ತ ಹೋದವು. ಪರದೆಯ ಬಣ್ಣ ಬರೆದರೆ ಅಳಿಸುವಳು, ನಾಯಿ ಬೊಗಳಿತೆಂದು ಬರೆದರೆ ಅಳಿಸುವಳು. ಕೊನೆಗೆ ಒಂದು ಮನೆ, ಒಬ್ಬ ಹೆಂಗಸು, ಅಷ್ಟೇ ಉಳಿಯುತ್ತಿತ್ತು. "ಇದು ವರದಿಯಾ, ಟೆಲಿಗ್ರಾಮಾ?" ಎಂದು ಸಂಪಾದಕರು ಗೊಣಗುತ್ತಿದ್ದರು. ಕೋರ್ಟಿನಲ್ಲಿ ಟೈಪ್ ಮಾಡುವಾಗ, ತಾನು ಕಣ್ಣಾರೆ ಕಾಣದ ಆ ಪೇಟದ ಅಂಪೈರ್ ಬೆರಳೆತ್ತಿ ಎದುರಿಗೆ ನಿಂತಂತೆ ಅವಳಿಗೆ ಅನಿಸುತ್ತಿತ್ತು.

ಮುಂದಿನ ದಸರೆಗೆ ಅಪರ್ಣಳೇ ಫೋನ್ ಮಾಡಿದಳು. "ಗೊಂಬೆ ಕೂರಿಸಿದ್ದೀನಿ. ಅರಿಶಿನ ಕುಂಕುಮಕ್ಕೆ ಬನ್ನಿ."

ಪ್ರಣತಿ ವತ್ಸಲಾ ಆಂಟಿಯ ಜೊತೆ ಹೋದಳು. ಮನೆ ತುಂಬ ಹೆಂಗಸರು, ರೇಷ್ಮೆ ಸೀರೆ, ಕಡಲೆ ಉಸಲಿಯ ವಾಸನೆ. ಮೆಟ್ಟಿಲುಗಳ ಮೇಲೆ ರಾಜ ರಾಣಿಯರ ಪಟ್ಟದ ಗೊಂಬೆಗಳು, ಅಂಗಡಿಯಿಟ್ಟ ಶೆಟ್ಟಿ ದಂಪತಿಯ ಗೊಂಬೆ, ಮದುವೆ ದಿಬ್ಬಣ. ಕೆಳಗೆ ರಾಗಿ ಪೈರಿನ ಅಂಚು ಕಟ್ಟಿದ್ದ ದೊಡ್ಡ ಹಸಿರು ಮೈದಾನ. ಅದರ ಮೇಲೆ ಒಂದು ಗೊಂಬೆಯೂ ಇರಲಿಲ್ಲ, ನಡುವೆ ವಿಕೆಟ್‌ಗಳು ಮಾತ್ರ.

ಬಂದವರೆಲ್ಲ "ತುಂಬಾ ಚೆನ್ನಾಗಿದೆ ಕಣ್ರೀ" ಎಂದರು. ಮದುವೆ ದಿಬ್ಬಣದ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಮೈದಾನದತ್ತ ನೋಡದೆ ಅದನ್ನು ಸುತ್ತಿಕೊಂಡು ಹೋದರು.

ಅಪರ್ಣ ಪ್ರಣತಿಗೆ ಕುಂಕುಮ ಕೊಡುವಾಗ ಪಿಸುಗುಟ್ಟಿದಳು. "ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ ಅಂತ ವರ್ಷವೆಲ್ಲ ಒದ್ದಾಡಿದೆ. ಗೊತ್ತಿಲ್ಲದೋರು ಆಟಗಾರರೆಲ್ಲಿ ಅಂತ ಕೇಳ್ತಾರೆ ಅಂದ್ಕೊಂಡು ಮೈದಾನ ಖಾಲಿ ಬಿಟ್ಟೆ. ಇನ್ನೂ ಒಬ್ರೂ ಕೇಳಿಲ್ಲ."

ಬಾಗಿಲಲ್ಲಿ ಇನ್ನೊಂದು ಗುಂಪು ಚಪ್ಪಲಿ ಬಿಡುತ್ತಿತ್ತು. ಅಪರ್ಣ ಕುಂಕುಮದ ಬಟ್ಟಲು ಹಿಡಿದು, ಅವರಲ್ಲಿ ಒಬ್ಬರಾದರೂ ಕೇಳುತ್ತಾರೇನೋ ಎಂದು ಕಾಯುತ್ತ ನಿಂತಳು.

"ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದರು ಬಂದವರು.